ಪುಪೂಸಾ ಹೋಟೆಲಿಗೆ ಮೊದಲ ಸಲ ಹೋಗುತ್ತಿದ್ದೀರಾ? ಏನು ಕೇಳಬೇಕು, ಏನು ತಿನ್ನಬೇಕು

ಅಮೆರಿಕಕ್ಕೆ ಹೊಸದಾಗಿ ಬಂದ ಕನ್ನಡದವರು ನನ್ನನ್ನು ಪದೇ ಪದೇ ಕೇಳುವ ಪ್ರಶ್ನೆ ಒಂದಿದೆ. "ಮನೆ ಹತ್ತಿರ ಒಂದು ಪುಟ್ಟ ಸಾಲ್ವಡೋರಿಯನ್ ಹೋಟೆಲ್ ಇದೆ. ಯಾವಾಗ ನೋಡಿದರೂ ಜನ ತುಂಬಿರುತ್ತಾರೆ. ಹೋಗೋಣ ಅನ್ನಿಸುತ್ತದೆ, ಆದರೆ ಮೆನು ಅರ್ಥ ಆಗಲ್ಲ. ನಮ್ಮಂಥವರಿಗೆ ಅಲ್ಲಿ ಏನಾದರೂ ಸಿಗುತ್ತಾ?" ನಮ್ಮಂಥವರು ಅಂದರೆ ಹೆಚ್ಚಿನ ಸಲ ಸಸ್ಯಾಹಾರಿಗಳು ಅಂತ ಅರ್ಥ.

ಸಿಗುತ್ತದೆ, ಹೊಟ್ಟೆ ತುಂಬ ಸಿಗುತ್ತದೆ. ಸಾಲ್ವಡೋರಿಯನ್ ಅಂದರೆ ಎಲ್ ಸಾಲ್ವಡಾರ್ ದೇಶದ್ದು, ಅಲ್ಲಿನ ಮುಖ್ಯ ತಿಂಡಿ ಪುಪೂಸಾ ಅನ್ನುವ ಹೂರಣ ತುಂಬಿದ ಮೆಕ್ಕೆಜೋಳದ ರೊಟ್ಟಿ. ಆದರೆ ಒಂದೆರಡು ಮಾತು ಕೇಳದೆ ಆರ್ಡರ್ ಮಾಡಿದರೆ, ಬರೀ ಕಾಳು ಅಂದುಕೊಂಡು ಹಂದಿ ಕೊಬ್ಬು ತಿಂದು ಬರುವುದೂ ಅಷ್ಟೇ ಸುಲಭ. ನಾನೇ ಹಾಗೆ ತಿಂದು ಬಂದವನು. ಆ ಮಾತು 4ನೇ ಹಂತದಲ್ಲಿ ಬರುತ್ತದೆ. ಮಾಂಸ ತಿನ್ನುವವರು ಆ ಹಂತ ಬಿಟ್ಟು ಮುಂದೆ ಹೋಗಬಹುದು.

ಮೊದಲು ಎರಡು ಮಾತು ಹಿನ್ನೆಲೆ. ಎಲ್ ಸಾಲ್ವಡಾರ್ ಮಧ್ಯ ಅಮೆರಿಕದ ಅತಿ ಚಿಕ್ಕ ದೇಶ. ಅಲ್ಲಿ 1980ರಿಂದ 1992ರವರೆಗೆ ಅಂತರ್ಯುದ್ಧ ನಡೆಯಿತು. ಆಗ ಊರು ಬಿಟ್ಟವರು ಲಾಸ್ ಏಂಜಲೀಸ್, ಹ್ಯೂಸ್ಟನ್, ವಾಷಿಂಗ್ಟನ್ ಸುತ್ತಮುತ್ತ, ನ್ಯೂಯಾರ್ಕಿನ ಲಾಂಗ್ ಐಲೆಂಡ್ ಕಡೆ ಬಂದು ನೆಲೆಸಿದರು. ಈಗ ಅಮೆರಿಕದಲ್ಲಿ ಸಾಲ್ವಡೋರಿಯನ್ ಮೂಲದವರು 20 ಲಕ್ಷಕ್ಕೂ ಹೆಚ್ಚಿದ್ದಾರೆ. ಮೇರಿಲ್ಯಾಂಡಿನ ಲ್ಯಾಂಗ್ಲಿ ಪಾರ್ಕ್, ವೀಟನ್ ಕಡೆ ಓಡಾಡಿದರೆ ರಸ್ತೆ ರಸ್ತೆಗೂ ಅವರ ಹೋಟೆಲುಗಳು ಕಾಣುತ್ತವೆ. ಸಾಫ್ಟ್‌ವೇರ್ ಕೆಲಸಕ್ಕೆ ಬಂದ ನಮ್ಮವರ ಮನೆಗಳೂ ಇಂಥ ಊರುಗಳ ಆಸುಪಾಸಿನಲ್ಲೇ ಇವೆ. ಹೀಗಾಗಿ ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ.

ಇನ್ನು ಪುಪೂಸಾ. ಹೋಳಿಗೆ ಗೊತ್ತಿದ್ದವರಿಗೆ ಇದನ್ನು ಒಂದೇ ಸಾಲಿನಲ್ಲಿ ಹೇಳಬಹುದು: ಮೆಕ್ಕೆಜೋಳದ ಕಣಕ, ಸಿಹಿ ಇಲ್ಲದ ಉಪ್ಪಿನ ಹೂರಣ, ಕಾವಲಿ ಮೇಲೆ ಬೇಯಿಸಿದ್ದು. ಲಟ್ಟಣಿಗೆ ಇಲ್ಲ. ಅಂಗೈಯಲ್ಲೇ ಉಂಡೆ ಮಾಡಿ, ಗುಳಿ ಮಾಡಿ, ಹೂರಣ ತುಂಬಿ, ಬಾಯಿ ಮುಚ್ಚಿ, ಎರಡೂ ಕೈಯಲ್ಲಿ ಪಟಪಟ ತಟ್ಟುತ್ತಾರೆ. ಜೋಳ ಅಂದ ಕೂಡಲೇ ಉತ್ತರ ಕರ್ನಾಟಕದ ಬಿಳಿಜೋಳ ಅಂದುಕೊಳ್ಳಬೇಡಿ. ಇದು ಗೋವಿನಜೋಳ, ಮೈಸೂರು ಕಡೆಯ ಮುಸುಕಿನ ಜೋಳ. ಕಾಳನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ಸಿಪ್ಪೆ ತೊಳೆದು, ಆಮೇಲೆ ರುಬ್ಬುತ್ತಾರೆ. ಸುಣ್ಣ ಹಾಕುವುದರಿಂದಲೇ ಹಿಟ್ಟಿಗೆ ಅಂಟು ಬರುತ್ತದೆ, ಒಂದು ಬೇರೆಯೇ ಪರಿಮಳವೂ ಬರುತ್ತದೆ. ಆ ಹಿಟ್ಟಿಗೆ ಮಾಸಾ ಅಂತ ಹೆಸರು. 2005ರಲ್ಲಿ ಎಲ್ ಸಾಲ್ವಡಾರ್ ಸಂಸತ್ತು ಪುಪೂಸಾವನ್ನು ರಾಷ್ಟ್ರೀಯ ತಿನಿಸು ಅಂತ ಘೋಷಿಸಿತು. ಪ್ರತಿ ನವೆಂಬರಿನ ಎರಡನೇ ಭಾನುವಾರ ಅದರ ದಿನಾಚರಣೆ. ಪುಪೂಸಾ ಹುಟ್ಟಿದ್ದು ನಮ್ಮಲ್ಲಿ ಅಂತ ಪಕ್ಕದ ಹೊಂಡುರಾಸಿನವರೂ ಹೇಳುತ್ತಾರೆ. ಮೈಸೂರು ಪಾಕಿನ ಜಗಳದ ಹಾಗೆ. ಹೋಟೆಲಿನಲ್ಲಿ ಕೂತು ಆ ವಿಷಯ ಎತ್ತದಿರುವುದು ಒಳ್ಳೆಯದು.

ಹೋಗುವ ಮುಂಚೆ ಬೇಕಾದದ್ದು ಮೂರು: ಸ್ವಲ್ಪ ನಗದು, ಅರ್ಧ ಗಂಟೆ ಕಾಯುವ ತಾಳ್ಮೆ, ಮತ್ತು ಕೆಳಗೆ ಹೇಳಿರುವ ನಾಲ್ಕೈದು ಸ್ಪ್ಯಾನಿಷ್ ಮಾತು.

1. ಸರಿಯಾದ ಹೋಟೆಲ್ ಹುಡುಕಿ

ಬೋರ್ಡಿನಲ್ಲಿ ಪುಪೂಸೇರಿಯಾ ಅಂತ ಇದೆಯಾ ನೋಡಿ. ಪುಪೂಸಾ ಮಾಡುವ ಜಾಗ ಅಂತ ಅರ್ಥ. ಎಷ್ಟೋ ಕಡೆ "ಮೆಕ್ಸಿಕನ್ ಮತ್ತು ಸಾಲ್ವಡೋರಿಯನ್" ಅಂತ ಎರಡನ್ನೂ ಸೇರಿಸಿ ಬರೆದಿರುತ್ತಾರೆ. ಟಾಕೊ, ಬುರಿಟೊ ಇಲ್ಲದಿದ್ದರೆ ಗಿರಾಕಿ ಬರಲ್ಲ ಅನ್ನುವ ಭಯಕ್ಕೆ ಹಾಗೆ ಮಾಡುತ್ತಾರೆ, ತಪ್ಪೇನಿಲ್ಲ. ಆದರೆ ಅಂಥ ಕಡೆ ಹೋಗಿ ಬುರಿಟೊ ತಿಂದು ಬಂದರೆ ಸಾಲ್ವಡೋರಿಯನ್ ಊಟ ಮಾಡಿದ ಹಾಗಾಗಲಿಲ್ಲ.

ನನ್ನ ಲೆಕ್ಕ ಇಷ್ಟೇ. ಕಾವಲಿ ಕಣ್ಣಿಗೆ ಕಾಣಬೇಕು, ಪಟಪಟ ಸದ್ದು ಕೇಳಬೇಕು. ಪುಪೂಸಾ ತಟ್ಟುವ ಹೆಂಗಸಿಗೆ ಪುಪೂಸೇರಾ ಅನ್ನುತ್ತಾರೆ. ಆಕೆಯ ಪಕ್ಕದಲ್ಲಿ ಹಿಟ್ಟಿನ ದೊಡ್ಡ ಪಾತ್ರೆ, ಹೂರಣದ ಡಬ್ಬಗಳು, ಕೈ ಅದ್ದಲು ಒಂದು ಬಟ್ಟಲು ಎಣ್ಣೆ ಬೆರೆಸಿದ ನೀರು ಇದ್ದರೆ ಧೈರ್ಯವಾಗಿ ಒಳಗೆ ಹೋಗಿ. ಪ್ಲಾಸ್ಟಿಕ್ ಹೊದಿಕೆಯ ಮೇಜು, ಗೋಡೆ ಮೇಲೆ ಫುಟ್‌ಬಾಲ್ ತೋರಿಸುವ ಟೀವಿ, ಗಲ್ಲಾದ ಹತ್ತಿರ ಬ್ರೆಡ್ ಪೊಟ್ಟಣ, ಇವೆಲ್ಲ ಒಳ್ಳೆಯ ಲಕ್ಷಣ. ಹನ್ನೆರಡು ಪುಟದ ಹೊಳೆಯುವ ಮೆನು ಇದ್ದರೆ ನನಗೆ ಅನುಮಾನ.

2. ಹೊತ್ತು ನೋಡಿ ಹೋಗಿ

ಸಾಲ್ವಡಾರ್‌ನಲ್ಲಿ ಪುಪೂಸಾ ಹೆಚ್ಚಾಗಿ ಸಂಜೆಯ ತಿಂಡಿ, ಇಲ್ಲವೇ ಬೆಳಗಿನದು. ಅಮೆರಿಕದಲ್ಲಿ ದಿನವಿಡೀ ಸಿಗುತ್ತದೆ. ಶನಿವಾರ, ಭಾನುವಾರ ಮಧ್ಯಾಹ್ನ ಮಾತ್ರ ಚರ್ಚ್ ಮುಗಿಸಿಕೊಂಡು ಕುಟುಂಬಗಳೆಲ್ಲ ಬರುತ್ತವೆ. ಮೊದಲ ಸಲ ಹೋಗುವವರು ವಾರದ ದಿನ ಮಧ್ಯಾಹ್ನ ಮೂರು ನಾಲ್ಕರ ಹೊತ್ತಿಗೆ ಹೋಗಿ. ನಿಮ್ಮ ಪ್ರಶ್ನೆಗಳಿಗೆ ಉತ್ತರ ಹೇಳುವಷ್ಟು ಬಿಡುವು ಆಗ ಅವರಿಗೂ ಇರುತ್ತದೆ.

3. ಮೆನು ಓದುವುದು

ಓದುವಾಗ ಮೂರು ಅಕ್ಷರ ಗೊತ್ತಿರಲಿ. ಎಲ್ ಅಕ್ಷರ ಜೋಡಿಯಾಗಿ ಬಂದರೆ "ಯ" ಅಂತ ಓದಿ. ಜೆ ಬಂದರೆ "ಹ". ಎಚ್ ಬಂದರೆ ಅದನ್ನು ನುಂಗಿಬಿಡಿ. ಇಷ್ಟು ಗೊತ್ತಿದ್ದರೆ ನೀವು ಹೇಳಿದ್ದು ಅವರಿಗೆ ಅರ್ಥವಾಗುತ್ತದೆ.

ಪುಪೂಸಾದ ಪಟ್ಟಿಯಲ್ಲಿ ಇರುವುದು ಹೂರಣದ ಹೆಸರುಗಳು, ಅಷ್ಟೇ. ಮುಖ್ಯವಾದವು ಇವು:

ಕೆಸೊ: ಚೀಸ್. ಇವರು ಹಾಕುವುದು ಕೆಸೀಯೊ ಅನ್ನುವ ಮೆತ್ತನೆಯ ಚೀಸ್, ಬಿಸಿಗೆ ಎಳೆ ಎಳೆಯಾಗಿ ಕರಗುತ್ತದೆ.

ಫ್ರಿಹೋಲ್ ಕೋನ್ ಕೆಸೊ: ಬೇಯಿಸಿ, ಅರೆದು, ಒಗ್ಗರಣೆಯಲ್ಲಿ ಬಾಡಿಸಿದ ಕೆಂಪು ಕಾಳಿನ ಹೂರಣ ಮತ್ತು ಚೀಸ್. ಅವರ ಕೆಂಪು ಕಾಳು ನಮ್ಮ ರಾಜ್ಮಾಕ್ಕಿಂತ ಚಿಕ್ಕದು, ಸಿಪ್ಪೆ ತೆಳು.

ಕೆಸೊ ಕೋನ್ ಲೊರೊಕೊ: ಲೊರೊಕೊ ಒಂದು ಬಳ್ಳಿಯ ಹೂವಿನ ಮೊಗ್ಗು. ಹಸಿರಾಗಿ, ಚಿಕ್ಕದಾಗಿರುತ್ತದೆ. ವಾಸನೆ ಗಾಢ, ಮೊದಲ ತುತ್ತಿಗೆ "ಇದೇನಪ್ಪಾ" ಅನ್ನಿಸಬಹುದು. ಎರಡನೇ ಸಲ ಹೋದಾಗ ಅದನ್ನೇ ಕೇಳುತ್ತೀರಿ. ಅಮೆರಿಕದಲ್ಲಿ ಹೆಚ್ಚಾಗಿ ಫ್ರೀಜ್ ಮಾಡಿದ್ದೋ ಉಪ್ಪುನೀರಿನ ಬಾಟಲಿಯದ್ದೋ ಬಳಸುತ್ತಾರೆ. ಫ್ರೀಜ್ ಮಾಡಿದ್ದು ಎಷ್ಟೋ ವಾಸಿ.

ಅಯೋತೆ: ಎಳೆ ಕುಂಬಳದ ಜಾತಿಯ ತರಕಾರಿ. ಎಸ್ಪಿನಾಕಾ ಅಂದರೆ ಪಾಲಕ್. ಎರಡೂ ಚೀಸ್ ಜೊತೆ ಬರುತ್ತವೆ.

ಚಿಚರೋನ್: ಹಂದಿ ಮಾಂಸ. ಬೇರೆ ದೇಶಗಳಲ್ಲಿ ಈ ಹೆಸರಿಗೆ ಕರಿದ ಹಂದಿ ಚರ್ಮ ಅಂತ ಅರ್ಥ. ಪುಪೂಸಾದಲ್ಲಿ ಮಾತ್ರ ಬೇಯಿಸಿ, ಹುರಿದು, ಚಟ್ನಿ ಹಾಗೆ ನುಣ್ಣಗೆ ಅರೆದ ಮಾಂಸ. ನೋಡಿದರೆ ಮಾಂಸ ಅಂತಲೇ ಗೊತ್ತಾಗುವುದಿಲ್ಲ. ನಮ್ಮವರು ಮೋಸ ಹೋಗುವುದು ಇಲ್ಲೇ.

ರೆವ್ವೆಲ್ತಾ: ಎಲ್ಲ ಬೆರೆಸಿದ್ದು ಅಂತ ಅರ್ಥ. ಕಾಳು, ಚೀಸ್, ಚಿಚರೋನ್ ಮೂರೂ ಇರುತ್ತದೆ. ಅಂಗಡಿಯವರು "ಎಲ್ಲರೂ ಇದನ್ನೇ ತಗೊಳ್ಳೋದು" ಅಂತ ಹೇಳುವುದು ಇದನ್ನೇ. ಮಾಂಸ ತಿನ್ನುವವರು ಇದರಿಂದಲೇ ಶುರು ಮಾಡಿ.

ಪಟ್ಟಿಯ ಬದಿಯಲ್ಲಿ ಅರೋಸ್ ಅಂತ ಕಂಡರೆ ಬಿಡಬೇಡಿ. ಅರೋಸ್ ಅಂದರೆ ಅಕ್ಕಿ. ಅಕ್ಕಿ ಹಿಟ್ಟಿನಲ್ಲೂ ಪುಪೂಸಾ ಮಾಡುತ್ತಾರೆ, ಅದಕ್ಕೆ ಹೆಸರಾದ ಊರು ಓಲೊಕುಯ್ಲ್ತಾ. ಅಂಚು ಗರಿಗರಿ, ನಡುವೆ ಮೆತ್ತಗೆ. ಅಕ್ಕಿ ರೊಟ್ಟಿ ತಿಂದು ಬೆಳೆದ ನಾಲಿಗೆಗೆ ಮೊದಲ ದಿನವೇ ಒಗ್ಗುವುದು ಇದು. ಎರಡರಲ್ಲೂ ಗೋಧಿ ಇಲ್ಲ.

ಹೆಸರು ಒಂದೇ ಇದ್ದು ತಿಂಡಿ ಬೇರೆ ಆಗುವ ಜಾಗಗಳೂ ಇವೆ. ಮೆಕ್ಸಿಕನ್ ಕೆಸದೀಯಾ ಅಂದರೆ ಚೀಸ್ ಇಟ್ಟು ಮಡಿಸಿದ ಚಪಾತಿಯಂಥದ್ದು. ಸಾಲ್ವಡೋರಿಯನ್ ಕೆಸದೀಯಾ ಅಂದರೆ ಮೇಲೆ ಎಳ್ಳು ಉದುರಿಸಿದ ಸಿಹಿ ಚೀಸ್ ಕೇಕು. ಊಟಕ್ಕೆ ಅಂತ ಆರ್ಡರ್ ಮಾಡಿ ಕೇಕು ಬಂದಾಗ ಪೆಚ್ಚಾಗಬೇಡಿ. ಅದರಲ್ಲಿ ಮೊಟ್ಟೆ ಇರುತ್ತದೆ. ಹಾಗೆಯೇ ಎನ್ಸಲಾದಾ ಊಟದ ಪಟ್ಟಿಯಲ್ಲಿದ್ದರೆ ಸಲಾಡ್, ಪಾನೀಯದ ಪಟ್ಟಿಯಲ್ಲಿದ್ದರೆ ಹಣ್ಣಿನ ಚೂರು ತೇಲುವ ಜ್ಯೂಸು.

4. ಸಸ್ಯಾಹಾರಿಗಳು ಕೇಳಲೇಬೇಕಾದ ಪ್ರಶ್ನೆಗಳು

ಒಮ್ಮೆ ನಾನು ಕಾಳು ಚೀಸಿನ ಪುಪೂಸಾ ಎರಡು ತಿಂದು, ಮೂರನೆಯದಕ್ಕೆ ಹೇಳುವಾಗ, ಈ ಕಾಳಿಗೆ ಇಷ್ಟು ರುಚಿ ಹೇಗೆ ಬಂತು ಅಂತ ಸುಮ್ನೆ ಕೇಳಿದೆ. ಪುಪೂಸಾ ತಟ್ಟುತ್ತಿದ್ದಾಕೆ ನಗುನಗುತ್ತಾ "ಮಾಂತೇಕಾ" ಅಂದರು. ಮಾಂತೇಕಾ ಅಂದರೆ ಹಂದಿ ಕೊಬ್ಬು. ತಪ್ಪು ಅವರದ್ದಲ್ಲ, ನಾನು ಮೊದಲೇ ಕೇಳಿರಲಿಲ್ಲ.

ಆದ್ದರಿಂದ ಮೊದಲ ಪ್ರಶ್ನೆ ಕಾಳಿನದ್ದು. ಹೌದು ಇಲ್ಲ ಅನ್ನುವ ಹಾಗೆ ಕೇಳಬೇಡಿ. ಗಡಿಬಿಡಿಯಲ್ಲಿ ಇರುವವರು ನಿಮ್ಮ ಮುಖ ನೋಡಿ, ನಿಮಗೆ ಬೇಕಾದ ಉತ್ತರವನ್ನೇ ಕೊಟ್ಟುಬಿಡುತ್ತಾರೆ. ಎರಡರಲ್ಲಿ ಯಾವುದು ಅಂತ ಕೇಳಿ: "ಲೋಸ್ ಫ್ರಿಹೋಲೆಸ್, ಕೋನ್ ಮಾಂತೇಕಾ ಓ ಕೋನ್ ಅಸೇಯ್ತೆ?" ಕಾಳಿಗೆ ಹಾಕಿದ್ದು ಹಂದಿ ಕೊಬ್ಬೋ, ಎಣ್ಣೆಯೋ? ಅಸೇಯ್ತೆ ಅಂದರೆ ನಿಶ್ಚಿಂತೆ. ಈಗ ಎಷ್ಟೋ ಕಡೆ ಎಣ್ಣೆಯನ್ನೇ ಬಳಸುತ್ತಾರೆ. "ಮಾಂತೇಕಾ ವೆಹೆತಾಲ್" ಅಂದರೆ ವನಸ್ಪತಿ. ಮಾಂತೇಕಿಯಾ ಅಂತ ಕೇಳಿಸಿದರೆ ಅದು ಬೆಣ್ಣೆ. ಮಾಂತೇಕಾ, ಮಾಂತೇಕಿಯಾ ನಡುವೆ ಒಂದೇ ಉಸಿರಿನ ವ್ಯತ್ಯಾಸ, ಕಿವಿಗೊಟ್ಟು ಕೇಳಿ.

ಎರಡನೆಯದು "ಸಿನ್ ಕಾರ್ನೆ" ಅನ್ನುವ ಮಾತಿನ ಬಲೆ. ಮಾಂಸ ಇಲ್ಲದೆ ಅಂತ ಅದರ ಅರ್ಥ. ಆದರೆ ಕಾರ್ನೆ ಅಂದರೆ ದನದ್ದೋ ಹಂದಿಯದ್ದೋ ಮಾಂಸ ಅಂತ ಅನೇಕರು ತಿಳಿಯುತ್ತಾರೆ. ಕೋಳಿ ಬೇರೆ ಲೆಕ್ಕ, ಮೀನು ಬೇರೆ ಲೆಕ್ಕ. ಅದಕ್ಕೆ ಒಂದೊಂದನ್ನೂ ಹೆಸರಿಟ್ಟು ಹೇಳಿ: "ಸಿನ್ ಕಾರ್ನೆ, ಸಿನ್ ಪೊಯೊ, ಸಿನ್ ಹಮೋನ್." ಪೊಯೊ ಕೋಳಿ, ಹಮೋನ್ ಹಂದಿಯ ಹ್ಯಾಮ್. ಜೊತೆಗೆ "ಸೋಯ್ ವೆಹೆತಾರಿಯಾನೊ" ಅಂತ ಸೇರಿಸಿ, ಹೆಂಗಸರಾದರೆ "ವೆಹೆತಾರಿಯಾನಾ". ಬರೀ ಆ ಕೊನೆಯ ಮಾತೊಂದನ್ನೇ ನಂಬಬೇಡಿ.

ಮೂರನೆಯದು ಅನ್ನ. ಅನ್ನ ಅಲ್ವಾ, ಏನಾಗುತ್ತದೆ ಅಂತ ಬಿಡಬೇಡಿ. ಕೋಳಿ ಸಾರಿನ ಪುಡಿ ಹಾಕಿ ಮಾಡುವವರು ಬೇಕಾದಷ್ಟು ಜನ. ಅನ್ನ, ಕಾಳು ಕಲಸಿದ ಕಸಮಿಯೆಂತೊ ಅನ್ನುವ ತಿಂಡಿಗೂ ಇದೇ ಮಾತು. ಕಸಮಿಯೆಂತೊ ಅಂದರೆ ಮದುವೆ. ಅನ್ನಕ್ಕೂ ಕಾಳಿಗೂ ಮದುವೆ ಮಾಡಿಸಿದ್ದಾರೆ. ಕೆಲವು ಕಡೆ ಟೊಮೇಟೊ ಸಾಲ್ಸಾಕ್ಕೂ ಅದೇ ಪುಡಿ ಬೀಳುತ್ತದೆ. "ಕೋನ್ಸೊಮೆ ದೆ ಪೊಯೊ" ಅನ್ನುವ ಮಾತು ನೆನಪಿಟ್ಟುಕೊಳ್ಳಿ, ಕೋಳಿ ಸಾರಿನ ಪುಡಿಯ ಹೆಸರು ಅದು.

ನಾಲ್ಕನೆಯದು ತಮಾಲ್. ಬಾಳೆ ಎಲೆಯಲ್ಲಿ ಸುತ್ತಿ ಹಬೆಯಲ್ಲಿ ಬೇಯಿಸಿದ್ದನ್ನು ನೋಡಿದರೆ ನಮಗೆ ಕಡುಬೇ ನೆನಪಾಗುತ್ತದೆ. ಆದರೆ ಒಳಗೆ ಕೋಳಿಯೋ ಹಂದಿಯೋ ಇರುತ್ತದೆ, ಹಿಟ್ಟಿಗೇ ಕೊಬ್ಬು ಕಲಸಿರುತ್ತಾರೆ. ಎಳೆ ಜೋಳದ ತಮಾಲ್ ದೆ ಎಲೋತೆ ಸ್ವಲ್ಪ ಸಿಹಿ, ಒಳಗೆ ಮಾಂಸ ಇರುವುದಿಲ್ಲ. ಅದರಲ್ಲೂ ಬೆಣ್ಣೆಯೋ ಕೊಬ್ಬೋ ಅಂತ ಕೇಳಿಯೇ ತಗೊಳ್ಳಿ.

ಇನ್ನೊಂದು ವಿಷಯ ನೇರವಾಗಿ ಹೇಳುತ್ತೇನೆ. ಕಾವಲಿ ಒಂದೇ. ಚಿಚರೋನ್ ಪುಪೂಸಾದಿಂದ ಸೋರಿದ ಜಿಡ್ಡು ಅಲ್ಲೇ ಇರುತ್ತದೆ, ತಟ್ಟುವ ಕೈಯೂ ಅದೇ. ಚಿಕ್ಕ ಹೋಟೆಲಿನಲ್ಲಿ ಬೇರೆ ಕಾವಲಿ ಇಡಿ ಅಂತ ಕೇಳುವುದು ನ್ಯಾಯವಲ್ಲ. ಅಷ್ಟು ಮಡಿ ಬೇಕು ಅನ್ನುವವರು ಮೆಕ್ಕೆಜೋಳದ ಮಾಸಾ ಹಿಟ್ಟು ತಂದು ಮನೆಯಲ್ಲೇ ಮಾಡಿಕೊಳ್ಳುವುದು ಉತ್ತಮ. ಹೋಳಿಗೆ ತಟ್ಟಿದ ಕೈಗೆ ಅದೇನೂ ಕಷ್ಟವಲ್ಲ. ಚೀಸನ್ನು ಗಟ್ಟಿ ಮಾಡಲು ಬಳಸುವ ರೆನೆಟ್ ಪ್ರಾಣಿಯದ್ದೋ ಅಲ್ಲವೋ ಅನ್ನುವ ಪ್ರಶ್ನೆ ಪಿಜ್ಜಾಕ್ಕೂ ಇದೆ, ಇಲ್ಲಿಗೂ ಇದೆ. ಅಲ್ಲಿ ನೀವು ಹೇಗೋ ಇಲ್ಲೂ ಹಾಗೇ.

5. ಆರ್ಡರ್ ಮಾಡುವುದು

ಒಬ್ಬರಿಗೆ ಎರಡು ಪುಪೂಸಾ ಸಾಕು. ತುಂಬ ಹಸಿದಿದ್ದರೆ ಮೂರು. ನೋಡಲು ಅಂಗೈ ಅಗಲವೇ, ಆದರೆ ಒಳಗೆ ಚೀಸ್ ಇರುತ್ತದೆ, ಹೊಟ್ಟೆ ಬೇಗ ತುಂಬುತ್ತದೆ. ಮೊದಲ ಸಲ ಹೋದವರು ಐದು ಬಗೆ ತರಿಸಿ ಅರ್ಧ ಬಿಡುವುದು ಸಾಮಾನ್ಯ ತಪ್ಪು. ಎರಡು ತರಿಸಿ, ಬೇಕಾದರೆ ಮತ್ತೆ ಹೇಳಿ.

ಎಷ್ಟು, ಯಾವ ಹೂರಣ ಅನ್ನುವ ಕ್ರಮದಲ್ಲಿ ಹೇಳಬೇಕು: "ಮೆ ದಾ ದೋಸ್ ದೆ ಫ್ರಿಹೋಲ್ ಕೋನ್ ಕೆಸೊ, ಪೋರ್ ಫವೋರ್." ಕಾಳು ಚೀಸಿನದ್ದು ಎರಡು ಕೊಡಿ. ಒಂದು ಬೇಕಾದರೆ ಊನಾ, ಮೂರಾದರೆ ತ್ರೇಸ್. ಮರುಪ್ರಶ್ನೆ ಬಂದೇ ಬರುತ್ತದೆ: "ದೆ ಮಯೀಸ್ ಓ ದೆ ಅರೋಸ್?" ಜೋಳದ್ದೋ ಅಕ್ಕಿಯದ್ದೋ ಅಂತ. ಇದು ಗೊತ್ತಿಲ್ಲದೆ ಎಲ್ಲದಕ್ಕೂ "ಸೀ, ಸೀ" ಅಂತ ತಲೆ ಆಡಿಸಿ ಪೇಚಿಗೆ ಸಿಕ್ಕವರನ್ನು ನೋಡಿದ್ದೇನೆ. ಅಮೆರಿಕದಲ್ಲಿ ಹೆಚ್ಚಿನ ಕಡೆ ಇಂಗ್ಲಿಷ್ ಕೂಡ ನಡೆಯುತ್ತದೆ. ಆದರೂ ಎರಡು ಮಾತು ಅವರ ಭಾಷೆಯಲ್ಲಿ ಆಡಿದರೆ ಮುಖ ಅರಳುತ್ತದೆ. ನಮ್ಮ ಹೋಟೆಲಿಗೆ ಬಂದ ಬೇರೆಯವರು "ಸ್ವಲ್ಪ ಚಟ್ನಿ ಕೊಡಿ" ಅಂದರೆ ನಮಗೆ ಆಗುವ ಹಾಗೆ.

ಹೇಳಿದ ಮೇಲೆ ಕಾಯಿರಿ. ಆಗ ತಟ್ಟಿ ಆಗ ಬೇಯಿಸುವುದರಿಂದ ಹದಿನೈದು ಇಪ್ಪತ್ತು ನಿಮಿಷ ಆಗುತ್ತದೆ. ಐದು ನಿಮಿಷಕ್ಕೇ ಬಂತು ಅಂದರೆ ಮೊದಲೇ ಮಾಡಿಟ್ಟದ್ದನ್ನು ಬಿಸಿ ಮಾಡಿದ್ದಾರೆ ಅಂತ ನಾನು ತಿಳಿಯುತ್ತೇನೆ.

6. ತಿನ್ನುವುದು

ಪುಪೂಸಾ ಒಂದೇ ಬರುವುದಿಲ್ಲ. ಜೊತೆಗೆ ಕುರ್ತೀದೊ, ಸಾಲ್ಸಾ ಎರಡೂ ಇರಲೇಬೇಕು. ಇವಕ್ಕೆ ಬೇರೆ ದುಡ್ಡಿಲ್ಲ. ಕುರ್ತೀದೊ ಅಂದರೆ ಸಣ್ಣಗೆ ಹೆಚ್ಚಿದ ಎಲೆಕೋಸು, ಕ್ಯಾರೆಟ್, ಈರುಳ್ಳಿಗೆ ವಿನೆಗರ್, ಉಪ್ಪು, ಓರೆಗಾನೊ ಸೊಪ್ಪು ಹಾಕಿ ಹುಳಿ ಬರಿಸಿದ್ದು. ಕೆಲವರು ಒಂದೆರಡು ದಿನ ಹಾಗೇ ಬಿಟ್ಟು ಹುದುಗಿಸುತ್ತಾರೆ. ಉಪ್ಪಿನಕಾಯಿಗೂ ಕೋಸಂಬರಿಗೂ ನಡುವಿನದ್ದು ಅನ್ನಿ. ಉಪ್ಪಿನಕಾಯಿ ಹಾಗೆ ಚೂರು ನೆಂಚಿಕೊಳ್ಳುವುದು ತಪ್ಪು, ಕೋಸಂಬರಿ ಹಾಗೆ ಧಾರಾಳವಾಗಿ ಹಾಕಿಕೊಳ್ಳಬೇಕು. ಚೀಸಿನ ಜಿಡ್ಡನ್ನು ಕತ್ತರಿಸುವುದು ಆ ಹುಳಿಯೇ. ಅದಿಲ್ಲದೆ ತಿಂದವರು "ಏನೋ ಭಾರ ಭಾರ, ಸಪ್ಪೆ" ಅಂತ ಬಂದು ದೂರುತ್ತಾರೆ.

ಮೇಜಿನ ಮೇಲೆ ಕುರ್ತೀದೊದ ದೊಡ್ಡ ಜಾಡಿ ಇಟ್ಟಿದ್ದರೆ ಅದರಲ್ಲಿರುವ ಇಕ್ಕಳ ಬಳಸಿ. ನಿಮ್ಮ ಫೋರ್ಕ್ ಅದ್ದಬೇಡಿ. ಎಂಜಲಿನ ವಿಷಯ ನಮಗೆ ಯಾರೂ ಹೇಳಿಕೊಡಬೇಕಿಲ್ಲ, ಆದರೂ ಮಕ್ಕಳ ಮೇಲೆ ಒಂದು ಕಣ್ಣಿರಲಿ.

ಪುಪೂಸಾದ ಮೇಲೆ ಕುರ್ತೀದೊ ಹರಡಿ, ಸಾಲ್ಸಾ ಸುರಿದು, ಅಂಚಿನಿಂದ ಕೈಯಲ್ಲೇ ಮುರಿದು ತಿನ್ನಿ. ಕೈಯಲ್ಲಿ ತಿನ್ನುವುದೇ ಅಲ್ಲಿನ ರೂಢಿ. ಅಮೆರಿಕದ ಹೋಟೆಲಿನಲ್ಲಿ ಸಂಕೋಚವಿಲ್ಲದೆ ಕೈಯಲ್ಲಿ ಊಟ ಮಾಡಬಹುದಾದ ಜಾಗ ನಮಗೆ ಇನ್ನೆಷ್ಟು ಸಿಗುತ್ತವೆ ಹೇಳಿ! ಒಂದೇ ಎಚ್ಚರಿಕೆ, ನಡುವೆ ಕೈ ಹಾಕಬೇಡಿ. ಮೇಲೆ ಆರಿದ ಹಾಗೆ ಕಂಡರೂ ಒಳಗಿನ ಚೀಸ್ ಸುಡುತ್ತಿರುತ್ತದೆ. ಮಕ್ಕಳಿಗಾದರೆ ಮೊದಲೇ ಎರಡು ತುಂಡು ಮಾಡಿ ಹಬೆ ಹೋಗಲು ಬಿಡಿ.

ಖಾರದ ವಿಷಯ. ಸಾಲ್ವಡೋರಿಯನ್ ಅಡುಗೆಯಲ್ಲಿ ಖಾರ ಇಲ್ಲವೇ ಇಲ್ಲ ಅನ್ನಬಹುದು. ಕೆಂಪಗಿರುವ ಸಾಲ್ಸಾ ನೋಡಿ ಹೆದರಬೇಡಿ, ಅದು ತೆಳ್ಳಗಿನ ಟೊಮೇಟೊ ಸಾರು, ಅಷ್ಟೇ. ಬೇಕಾದವರು "ತಿಯೇನೆ ಚೀಲೆ?" ಅಂತ ಕೇಳಿ, ಮೆಣಸಿನಕಾಯಿ ಇದೆಯಾ ಅಂತ. ವಿನೆಗರಿನಲ್ಲಿ ನೆನೆಸಿದ ಹಾಲಪೆನ್ಯೊ ತಂದಿಡುತ್ತಾರೆ. ಆದರೆ ಮೊದಲ ಪುಪೂಸಾವನ್ನು ಅವರ ರೀತಿಯಲ್ಲೇ ತಿಂದು ನೋಡಿ. ಚೀಲದಿಂದ ಚಟ್ನಿಪುಡಿ ತೆಗೆಯುವುದು ಎರಡನೆಯದಕ್ಕೆ ಇರಲಿ.

7. ಕುಡಿಯಲು

ನನ್ನ ಪ್ರಕಾರ ಕನ್ನಡದವರಿಗೆ ಈ ಹೋಟೆಲಿನಲ್ಲಿ ಅತಿ ಹೆಚ್ಚು ಖುಷಿ ಕೊಡುವುದು ಪಾನೀಯದ ಪಟ್ಟಿ. ಅಲ್ಲಿ ಫ್ರೆಸ್ಕೊ ಅಂದರೆ ಹಣ್ಣಿನ ಪಾನಕ. ತಮರಿಂದೊ ಅಂತ ಇದ್ದರೆ ಅದು ಹುಣಸೆ ಪಾನಕ. ಬೆಲ್ಲ, ಏಲಕ್ಕಿ ಇಲ್ಲ, ಸಕ್ಕರೆ ಜಾಸ್ತಿ, ಆದರೂ ಮೊದಲ ಗುಟುಕಿಗೇ ಗುರುತು ಹತ್ತುತ್ತದೆ. ಮರನ್ಯೋನ್ ಅಂತ ಇದ್ದರೆ ಅದು ಗೇರುಹಣ್ಣು! ಬೀಜವಲ್ಲ, ಹಣ್ಣು. ದಕ್ಷಿಣ ಕನ್ನಡ, ಉತ್ತರ ಕನ್ನಡದ ಗುಡ್ಡಗಳಲ್ಲಿ ಗೇರುಹಣ್ಣು ಕಚ್ಚಿ ಅಂಗಿಗೆ ಕಲೆ ಮಾಡಿಕೊಂಡವರು ಇದನ್ನು ಬಿಡಲೇಬೇಡಿ. ಗಂಟಲು ಹಿಡಿಯುವ ಆ ಒಗರು ಇಲ್ಲೂ ಇದೆ. ಗೇರು ದಕ್ಷಿಣ ಅಮೆರಿಕದಿಂದ ಪೋರ್ಚುಗೀಸರ ಹಡಗಿನಲ್ಲಿ ನಮ್ಮ ಕರಾವಳಿಗೆ ಬಂದ ಮರ. ಹುಣಸೆ ಈಚೆಯಿಂದ ಆಚೆಗೆ ಹೋದದ್ದು. ಎರಡೂ ಒಂದೇ ಮೇಜಿಗೆ ಬಂದು ಕೂರುತ್ತವೆ.

ಓರ್ಚಾತಾ ಹಾಲಿನ ಹಾಗೆ ಕಾಣುತ್ತದೆ. ಮೆಕ್ಸಿಕೊದವರು ಅಕ್ಕಿಯಿಂದ ಮಾಡುತ್ತಾರೆ. ಸಾಲ್ವಡೋರಿಯನ್ನರು ಮೋರ್ರೊ ಅನ್ನುವ ಕಾಯಿಯ ಬೀಜ ಹುರಿದು ಪುಡಿ ಮಾಡಿ ಹಾಕುತ್ತಾರೆ, ಜೊತೆಗೆ ಚಕ್ಕೆ, ಕೋಕೊ, ಎಳ್ಳು, ಹಲವು ಕಡೆ ಕಡಲೆಕಾಯಿ ಕೂಡ. ಹಾಗಾಗಿ ಕಡಲೆಕಾಯಿ ಅಲರ್ಜಿ ಇರುವವರು ಕೇಳದೆ ಕುಡಿಯಬೇಡಿ. ಕಡಲೆಕಾಯಿಗೆ ಅಲ್ಲಿ ಮನಿ ಅನ್ನುತ್ತಾರೆ.

ಬಿಸಿ ಬೇಕಾದವರಿಗೆ ಅತೋಲ್ ದೆ ಎಲೋತೆ. ಎಳೆ ಜೋಳ ರುಬ್ಬಿ, ಹಾಲು ಸಕ್ಕರೆ ಹಾಕಿ ಕಾಯಿಸಿದ ಗಂಜಿ. ಚಳಿಗಾಲದ ವಾರಾಂತ್ಯದಲ್ಲಿ ಸಿಕ್ಕರೆ ಅದೃಷ್ಟ. ಕೆಲವು ಕಡೆ ಅತೋಲ್ ಶೂಕೊ ಸಿಗುತ್ತದೆ. ಶೂಕೊ ಅಂದರೆ ಕೊಳಕು. ಹಿಟ್ಟನ್ನು ಹುಳಿ ಬರಿಸಿ ಕಾಯಿಸುವ ಗಂಜಿ, ಬಣ್ಣ ಮಬ್ಬು, ಅದಕ್ಕೇ ಆ ಹೆಸರು. ಒಳಗೆ ಒಂದಷ್ಟು ಬೆಂದ ಕಾಳು, ಮೇಲೆ ಕುಂಬಳಬೀಜದ ಪುಡಿ. ಅಂಬಲಿ ಇಷ್ಟಪಡುವವರಿಗೆ ಹಿಡಿಸುತ್ತದೆ. ಸಿಹಿ ಗಂಜಿ ಅಂದುಕೊಂಡವರಿಗೆ ಖಂಡಿತ ಹಿಡಿಸುವುದಿಲ್ಲ.

ಕಾಫಿ ಬೆಳೆಯುವ ದೇಶ ಅಂತ ಕಾಫಿಯ ಮೇಲೆ ಆಸೆ ಇಟ್ಟುಕೊಂಡು ಹೋಗಬೇಡಿ. ಚಿಕ್ಕ ಹೋಟೆಲುಗಳಲ್ಲಿ ಕೊಡುವುದು ತೆಳ್ಳಗಿರುತ್ತದೆ.

8. ಜೊತೆಗೆ ಇನ್ನೇನು

ಪ್ಲಾತಾನೊ ಫ್ರೀತೊ ತರಿಸಿ. ಹಣ್ಣಾದ ನೇಂದ್ರ ಬಾಳೆಯಂಥ ದೊಡ್ಡ ಬಾಳೆಯನ್ನು ಉದ್ದಕ್ಕೆ ಹೆಚ್ಚಿ ಕರಿದದ್ದು. ಪಕ್ಕದಲ್ಲಿ ಅರೆದ ಕಾಳು, ಕ್ರೆಮಾ ಅನ್ನುವ ತೆಳು ಹುಳಿ ಕೆನೆ. ಕಾಳಿನ ಪ್ರಶ್ನೆ ಇಲ್ಲೂ ಮರೆಯಬೇಡಿ. ಯುಕಾ ಅಂದರೆ ಮರಗೆಣಸು, ಕರಿದು ಅಥವಾ ಬೇಯಿಸಿ ಕೊಡುತ್ತಾರೆ. ಅದರ ಮೇಲೆ ಚಿಚರೋನ್ ಹಾಕಿ ಕೊಡುವುದು ರೂಢಿ, ಆದ್ದರಿಂದ "ಸಿನ್ ಚಿಚರೋನ್" ಅಂತ ಮೊದಲೇ ಹೇಳಿ. ಕರಿಯುವ ಎಣ್ಣೆ ಒಂದೇ ಇರಬಹುದು ಅನ್ನುವುದೂ ತಲೆಯಲ್ಲಿರಲಿ. ಎಂಪನಾದಾ ದೆ ಪ್ಲಾತಾನೊ ಸಿಹಿ ತಿಂಡಿ: ಬಾಳೆಹಣ್ಣು ಬೇಯಿಸಿ ಹಿಸುಕಿದ ಕಣಕದೊಳಗೆ ಹಾಲಿನ ಗಟ್ಟಿ ಹೂರಣ, ಕರಿದು ಸಕ್ಕರೆಯಲ್ಲಿ ಹೊರಳಿಸಿದ್ದು. ಆ ಹೂರಣಕ್ಕೆ ಕೆಲವರು ಮೊಟ್ಟೆ ಹಾಕುತ್ತಾರೆ. ಮೊಟ್ಟೆಗೆ ವೇವೊ ಅನ್ನುತ್ತಾರೆ, ಕೇಳಿ ನೋಡಿ.

9. ದುಡ್ಡು ಕೊಟ್ಟು ಹೊರಡುವುದು

ಒಂದು ಪುಪೂಸಾಕ್ಕೆ ಅಮೆರಿಕದಲ್ಲಿ ಸುಮಾರು 3ರಿಂದ 5 ಡಾಲರ್. ಇಬ್ಬರು ಪಾನೀಯದ ಜೊತೆ ತಿಂದರೂ 25, 30 ಡಾಲರಿಗೆ ಮುಗಿಯುತ್ತದೆ. ಬಿಲ್ ಮೇಜಿಗೆ ತಾನಾಗಿ ಬರದೇ ಇರಬಹುದು. ಎದ್ದು ಹೋಗಿ ಅನ್ನುವ ಹಾಗೆ ಆಗಬಾರದು ಅಂತ ಅವರೇ ತರುವುದಿಲ್ಲ. "ಲಾ ಕುವೇಂತಾ, ಪೋರ್ ಫವೋರ್" ಅನ್ನಿ, ಇಲ್ಲವೇ ನೀವೇ ಗಲ್ಲಾಕ್ಕೆ ಹೋಗಿ. ಕಾರ್ಡ್ ತಗೊಳ್ಳದ, ಅಥವಾ ಕಾರ್ಡಿಗೆ ಜಾಸ್ತಿ ದುಡ್ಡು ಹಾಕುವ ಅಂಗಡಿಗಳು ಇವೆ. ನಗದು ಇರಲಿ ಅಂದದ್ದು ಇದಕ್ಕೇ. ಮೇಜಿಗೆ ತಂದು ಬಡಿಸಿದ್ದರೆ 15ರಿಂದ 20 ಶೇಕಡಾ ಟಿಪ್ ಇಡಿ.

ಹೊರಡುವಾಗ ಪಕ್ಕದ ಮೇಜಿನವರು ತಿನ್ನುತ್ತಿದ್ದರೆ "ಪ್ರೊವೇಚೊ" ಅಂದು ಹೋಗುವುದು ಅಲ್ಲಿನ ಮರ್ಯಾದೆ. ಚೆನ್ನಾಗಿ ಊಟ ಮಾಡಿ ಅಂತ ಅರ್ಥ. ನಿಮಗೆ ಯಾರಾದರೂ ಅಂದರೆ "ಗ್ರಾಸಿಯಸ್" ಅನ್ನಿ ಸಾಕು.

10. ಕಟ್ಟಿಸಿಕೊಂಡು ಹೋಗುವುದಾದರೆ

ಫಾಯಿಲಿನಲ್ಲಿ ಸುತ್ತಿ ಕೊಡುತ್ತಾರೆ, ಹಬೆಗೆ ಹತ್ತು ನಿಮಿಷದಲ್ಲೇ ಮೆತ್ತಗಾಗುತ್ತದೆ. ಕಾರಿಗೆ ಬಂದ ಕೂಡಲೇ ಪೊಟ್ಟಣದ ಬಾಯಿ ಸ್ವಲ್ಪ ಬಿಚ್ಚಿಡಿ. ಮನೆಯಲ್ಲಿ ಮೈಕ್ರೋವೇವ್ ಬೇಡ, ಹಿಟ್ಟು ರಬ್ಬರಿನ ಹಾಗೆ ಆಗುತ್ತದೆ. ದೋಸೆ ಕಾವಲಿಯನ್ನು ಸಣ್ಣ ಉರಿಯಲ್ಲಿಟ್ಟು, ಎಣ್ಣೆ ಹಾಕದೆ, ಒಂದೊಂದು ಬದಿ ಮೂರು ನಾಲ್ಕು ನಿಮಿಷ ಬಿಸಿ ಮಾಡಿ. ಅಂಚಿನಿಂದ ಸೋರಿದ ಚೀಸ್ ಕಾವಲಿಗೆ ತಾಗಿ ಕಂದು ಬಣ್ಣಕ್ಕೆ ತಿರುಗುತ್ತದಲ್ಲ, ಅದನ್ನು ಕೆರೆದು ತಿನ್ನುವ ಹಕ್ಕು ಅಡುಗೆಮನೆಯಲ್ಲಿ ನಿಂತವರದ್ದು. ಕುರ್ತೀದೊ ಕೊಡುವ ಪುಟ್ಟ ಚೀಲ ಒಂದೇ ಸಾಲದು, ಇನ್ನೊಂದು ಕೇಳಿ. ಫ್ರಿಜ್ಜಿನಲ್ಲಿ ಕೆಲವು ದಿನ ಇರುತ್ತದೆ, ಮೊಸರನ್ನದ ಜೊತೆ ನಾನು ತಿಂದಿದ್ದೇನೆ, ಚೆನ್ನಾಗಿಯೇ ಇತ್ತು.

ಎಲ್ ಸಾಲ್ವಡಾರಿಗೇ ಹೋಗುವವರಿದ್ದರೆ

ಇತ್ತೀಚೆಗೆ ರಜೆಗೆ ಅಲ್ಲಿಗೆ ಹೋಗುವವರೂ ಕೇಳುತ್ತಿದ್ದಾರೆ. ಅಕ್ಕಿ ಪುಪೂಸಾದ ಓಲೊಕುಯ್ಲ್ತಾ, ವಿಮಾನ ನಿಲ್ದಾಣದಿಂದ ರಾಜಧಾನಿ ಸಾನ್ ಸಾಲ್ವಡಾರ್‌ಗೆ ಹೋಗುವ ದಾರಿಯಲ್ಲೇ ಸಿಗುತ್ತದೆ, ಸಾಲು ಸಾಲು ಅಂಗಡಿಗಳಿವೆ. ಇನ್ನೊಂದು ಹೆಸರಾದ ಜಾಗ ಪ್ಲಾನೆಸ್ ದೆ ರೆಂದೇರೋಸ್, ರಾಜಧಾನಿಯ ಪಕ್ಕದ ಗುಡ್ಡ. ಸಂಜೆ ಹೋದರೆ ಕೆಳಗೆ ಊರಿನ ದೀಪ, ಕೈಯಲ್ಲಿ ಬಿಸಿ ಪುಪೂಸಾ. ನೀರು ಮಾತ್ರ ಬಾಟಲಿಯದ್ದೇ ಕುಡಿಯಿರಿ, ರಸ್ತೆ ಬದಿಯ ಪಾನಕಕ್ಕೆ ಮಂಜುಗಡ್ಡೆ ಬೇಡ ಅನ್ನಿ. ದುಡ್ಡು ಬದಲಾಯಿಸುವ ತಾಪತ್ರಯ ಇಲ್ಲ, 2001ರಿಂದ ಅಲ್ಲಿ ಅಮೆರಿಕದ ಡಾಲರೇ ನಡೆಯುತ್ತದೆ. ಆದರೆ ಒಂದೊಂದು ಡಾಲರಿನ ಆಸುಪಾಸಿನ ಪುಪೂಸಾಕ್ಕೆ ದೊಡ್ಡ ನೋಟು ಕೊಟ್ಟರೆ ಚಿಲ್ಲರೆಗಾಗಿ ಅವರು ಪಕ್ಕದ ನಾಲ್ಕು ಅಂಗಡಿ ಸುತ್ತಬೇಕಾಗುತ್ತದೆ. ಒಂದು, ಐದು ಡಾಲರಿನ ನೋಟು ಹೊರಡುವ ಮುಂಚೆಯೇ ಜೋಡಿಸಿಟ್ಟುಕೊಳ್ಳಿ.